ಅತ್ತೆಯ ಮಗ್ಗುಲ ಜಾಗ

ನಾಗಕ್ಕ ಸತ್ತ ಅತ್ತೆಗೂ ಹೆದರುತ್ತಿದ್ದಳು. ಮಿಕ್ಕ ಹಿರಿಯರನ್ನು ಹೂತ ಗುಡ್ಡೆಗಳನ್ನು ಎಲೆಅಡಿಕೆ ಜಗಿಯುತ್ತ, ಗೊಣಗುತ್ತ ಗುಡಿಸುವವಳು, ಅತ್ತೆ ಜುಂಜಮ್ಮನ ಗುಡ್ಡೆಯ ಹತ್ತಿರ ಬಂದೊಡನೆ ಬಾಯಲ್ಲಿದ್ದುದನ್ನು ಉಗಿದು ತಲೆಯ ಮೇಲೆ ಸೆರಗು ಹೊದೆಯುತ್ತಿದ್ದಳು. ಗುಡಿಸಿ ಮುಗಿಸಿದ ಮೇಲೂ ‘ಆ ಮೂಲೆ ಬುಟ್ಟೆ ಕಣೇ’ ಎಂದು ಮಣ್ಣೊಳಗಿಂದ ಕೂಗಿದಂತಾಗಿ ಮತ್ತೊಮ್ಮೆ ಬಗ್ಗುತ್ತಿದ್ದಳು.

ಬಡವನಹಳ್ಳಿ ಹತ್ತಿರದ ನಮ್ಮ ಹಟ್ಟಿಯ ಗಂಡಸರು ಅರ್ಧ ವರ್ಷ ಕುರಿಮಂದೆಯ ಹಿಂದೆಯೇ ಅಲೆಯುವವರು. ಹಾಗಾಗಿ ವಂಶದ ಹಿರಿಯರು ಮಲಗಿದ ಜಾಗವನ್ನು ನೋಡಿಕೊಳ್ಳುವುದು ಮನೆಯ ಸೊಸೆಯ ಪಾಲಿಗೆ ಬಂದಿತ್ತು. ಬೇಲಿಗೆ ಜಾಲಿಮುಳ್ಳು ಕಟ್ಟುವುದು, ಗೆದ್ದಲು ಕೆದಕುವುದು, ಮಳೆಗೆ ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದು, ಹಿರಿಯರ ಹಬ್ಬಕ್ಕೆ ಸುಣ್ಣ ಬಳಿಯುವುದು ಎಲ್ಲ ಅವಳದೇ. ಮುತ್ತಾತನ ಗುಡ್ಡೆಯ ಮೇಲೆ ಮೇಕೆ ಹತ್ತಿ ಮಲಗಿದರೆ ಇಬ್ಬರಿಗೂ ಬೈಗುಳ. “ಅದಕ್ಕಂತೂ ಬುದ್ಧಿ ಇಲ್ಲ, ನೀನಾದ್ರೂ ಹಚಾ ಅನ್ನಬಾರ್ದಾ ತಾತಾ?”

ಅಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಯಾರು ಮುಂದೆ ಸಾಯುತ್ತಾರೋ ಅವರು ಕೊನೆಯ ಗುಡ್ಡೆಯ ಮಗ್ಗುಲಿಗೆ. ನಡುವೆ ಜಾಗ ಬಿಡುವಂತಿಲ್ಲ. ಬಿಟ್ಟರೆ ಅದು ಮನೆಯಿಂದ ಯಾರನ್ನಾದರೂ ಕರೆಸಿಕೊಳ್ಳುತ್ತದೆಂಬ ಭಯ. ಹೆಂಗಸರ ಸಾಲಿನ ಕೊನೆಯವಳು ಜುಂಜಮ್ಮ. ಆ ಮನೆಗೆ ಒಬ್ಬಳೇ ಸೊಸೆ ನಾಗಕ್ಕ, ಅವಳ ಮಗನಿನ್ನೂ ಹುಡುಗ; ಅತ್ತೆಯ ಮಗ್ಗುಲ ಮುಂದಿನ ಜಾಗ ಅವಳದೇ. ಅವಳ ಎದೆಯೊಳಗಿನ ಮುಳ್ಳು ಇದೇ.

ಗಂಡ ಯತ್ತಪ್ಪನ ಹತ್ತಿರ ಒಮ್ಮೆ ಹೇಳಿಯೂ ಹೇಳಿದಳು. ಅವನು ನಕ್ಕ. “ಸತ್ ಮ್ಯಾಲೆ ಯಾರೇ ಜಗಳ ಆಡ್ತಾರೆ?”

“ನಿಮ್ಮವ್ವ ಆಡ್ತಾಳೆ.”

ಯತ್ತಪ್ಪನಿಗೂ ಅದು ಸರಿ ಎನ್ನಿಸಿತೇನೋ, ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಯ ಕಡೆ ಹೋದ.

ಆ ಹೊತ್ತಿಗೆ ಯತ್ತಪ್ಪನ ಅಕ್ಕ ಹೊನ್ನಕ್ಕ ತವರಿಗೆ ಬಂದಳು. ವೈ.ಎನ್.ಹೊಸಕೋಟೆಯಾಚೆಗೆ ಕೊಟ್ಟಿದ್ದ ಹೆಣ್ಣು. ಗಂಡ ಸತ್ತ, ಮಕ್ಕಳಿಲ್ಲ, ಮೈದುನರಿಗೆ ಬೇಡವಾದಳು. ಮಾತಿನಲ್ಲಿ ಅರ್ಧ ತೆಲುಗು ಕಟ್ಟಿಕೊಂಡು ಬಂದಿದ್ದಳು. ಒಂದು ದಿನ ತಾಯಿಯ ಗುಡ್ಡೆಯ ಮುಂದೆ ಕೂತು ಗೋಳೋ ಎಂದು ಅತ್ತಳು.

“ಅವ್ವಾ, ನಿನ್ ಮಗ್ಗುಲಲ್ಲಿ ಮಲಗೋ ಪುಣ್ಯಾನೂ ನಂಗಿಲ್ವಲ್ಲೇ! ಕೊಟ್ಟ ಮಗಳನ್ನ ಇಲ್ಲಿ ಇಕ್ಕಾಕಿಲ್ವಂತೆ!”

ನಾಗಕ್ಕನ ಕೈಯ ಪೊರಕೆ ನಿಂತಿತು. “ಅತ್ತಿಗೆ, ನಿಜವಾಗ್ಲೂ ನಿಂಗೆ ಈ ಜಾಗ ಬೇಕಾ?”

“ದೇವುಡಾ! ನಂಗೆ ಇನ್ನೇನೇ ಬೇಕು?”

ಸಂಜೆಯೇ ನಾಗಕ್ಕ ಕುಲದ ಹಿರಿಯ, ತನ್ನ ಚಿಕ್ಕಮಾವ ಮೂಡಲಗಿರಿಯಪ್ಪನ ಮನೆಯ ಕಂಬದ ಮರೆಯಲ್ಲಿ ನಿಂತಿದ್ದಳು. ಜಗಲಿಯ ತುಂಬ ಗಂಡಸರು.

“ಕೊಟ್ಟ ಹೆಣ್ಣು ಆ ಮನೇದು ಕಣಮ್ಮ,” ಎಂದ ಅವನು.

ಕಂಬ ಮಾತಾಡಿತು. “ಅಲ್ಲ ಮಾವ, ಮಾರಿದ ಕುರಿ ಮಂದೆಗೆ ವಾಪಸ್ ಬಂದ್ರೆ ಕಿವಿ ಗುರ್ತು ನೋಡಿ ಕೂಡಿಕೊಂತೀರಿ. ಮಗಳು ಬಂದ್ರೆ ಬೇಲಿ ಹಾಕ್ತೀರಾ?”

“ಗಂಡನ ಅಕ್ಕನ ಮ್ಯಾಲೆ ನಿಂಗೆ ಇಷ್ಟೊಂದು ಪಿರೂತಿ ಯಾವಾಗ ಬಂತು?”

ಆ ಪ್ರಶ್ನೆ ಕಂಬಕ್ಕೆ ಕೇಳಿಸಲಿಲ್ಲ. “ಆಗಲ್ಲ ಅಂದ್ರೆ ಬುಡಿ. ಈ ಸಲ ಹಬ್ಬಕ್ಕೆ ಸುಣ್ಣ ನೀವೇ ಬಳ್ಕೊಳಿ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಲದ ಕಟ್ಟಳೆ ಅಷ್ಟು ಬೇಗ ಸಡಿಲವಾದದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಮೂಡಲಗಿರಿಯಪ್ಪ ಒಪ್ಪಿದ, ಆದರೆ ಬಾಲಂಗೋಚಿಯೊಂದನ್ನು ಸೇರಿಸಿದ. “ನಡುವೆ ಜಾಗ ಮಾತ್ರ ಬುಡಂಗಿಲ್ಲ. ಮೊದಲು ಯಾರು ಹೊಯ್ತಾರೋ ಅವರು ಜುಂಜಮ್ಮನ ಮಗ್ಗುಲು.”

ಇದನ್ನು ನಾಗಕ್ಕ ಯೋಚಿಸಿಯೇ ಇರಲಿಲ್ಲ. ಹೊನ್ನಕ್ಕ ವಯಸ್ಸಿನಲ್ಲಿ ಹಿರಿಯಳು, ನಿಜ. ಆದರೆ ಜಾಗ ಸಿಕ್ಕ ಖುಷಿಗೆ ಎರಡೆರಡು ಮುದ್ದೆ ಉಣ್ಣತೊಡಗಿ ಬಂಡೆಯ ಹಾಗಾದಳು. ಜ್ವರ ಬಂದು ಮಲಗಿದ್ದು ನಾಗಕ್ಕ!

ಚಳಿಜ್ವರಕ್ಕೆ ಹಲ್ಲು ಕಟಕಟ ಎನ್ನುತ್ತಿತ್ತು. ಹೊನ್ನಕ್ಕ ಮಧುಗಿರಿಯ ಆಸ್ಪತ್ರೆಗೆ ನಡೆದೇ ಹೋಗಿ ಕ್ವಿನೈನ್ ಮಾತ್ರೆ ತಂದಳು.

“ಕಹಿ ಕಣತ್ತಿಗೆ, ಒಲ್ಲೆ.”

“ನುಂಗೇ ನಾಗಿ! ನೀ ಹೋದ್ರೆ ನಮ್ಮವ್ವನ ಮಗ್ಗುಲಿಗೆ ನಿನ್ನ ಇಕ್ಕಿಬುಡ್ತಾರೆ. ನನ್ ಜಾಗ ಹೊಡ್ಕೋಬೇಕು ಅಂತ ಮಾಡಿದೀಯಾ?”

“ಅಯ್ಯೋ, ನಾನೇನು ಆಸೆಪಟ್ಟು ಹೋಗ್ತಿದೀನಾ?”

ಮೂಗು ಹಿಡಿದು ಮಾತ್ರೆ ನುಂಗಿಸಿದಳು, ಅಂಗಾಲಿಗೆ ಎಣ್ಣೆ ತಿಕ್ಕಿದಳು, ಗಂಜಿ ಕುಡಿಸಿದಳು. ನಾಗಕ್ಕ ಎದ್ದು ಕೂತಳು. ಆಮೇಲೂ ಹೊನ್ನಕ್ಕ ಬಿಡಲಿಲ್ಲ. ನಾಗಕ್ಕ ಸೀನಿದರೆ ಮೆಣಸಿನ ಕಷಾಯ, ಬಿಸಿಲಿಗೆ ಹೋದರೆ ಬೈಗುಳ. ಪೊರಕೆಯನ್ನೂ ಕಿತ್ತುಕೊಂಡು ಗುಡ್ಡೆಗಳನ್ನು ತಾನೇ ಗುಡಿಸುವಳು. ಇಷ್ಟು ಉಪಚಾರ ನಾಗಕ್ಕನಿಗೆ ಹೆತ್ತವ್ವನ ಮನೆಯಲ್ಲೂ ಆಗಿರಲಿಲ್ಲ. ಇಬ್ಬರೂ ಒಂದೇ ತಣಿಗೆಯಲ್ಲಿ ಉಂಡರು, ಒಂದೇ ಕಂಬಳಿಯಲ್ಲಿ ಮಲಗಿದರು, ಒಂದೇ ಬಾಯಿಂದ ಯತ್ತಪ್ಪನನ್ನು ಬೈದರು.

ಎರಡನೆಯ ಜರ್ಮನ್ ಯುದ್ಧ ನಡೆದು ಸೀಮೆಎಣ್ಣೆ ಸಿಗದ ಕಾಲದಲ್ಲಿ ಹೊನ್ನಕ್ಕ ಹಾಸಿಗೆ ಹಿಡಿದಳು. ಈಗ ಮಧುಗಿರಿಗೆ ಓಡಿದವಳು ನಾಗಕ್ಕ.

“ಯಾಕೇ ಒದ್ದಾಡ್ತೀಯಾ?” ಹೊನ್ನಕ್ಕ ಕಣ್ಣು ಮಿಟುಕಿಸಿದಳು. “ನಾ ಮೊದಲು ಹೋದ್ರೆ ನಿಂಗೇ ಸಲೀಸು ಅಲ್ವಾ? ನಂಗೆಲ್ಲಾ ತಿಳೀತೈತೆ ಬುಡು.”

“ಬಾಯ್ ಮುಚ್ಕೊಂಡು ನುಂಗು ಅತ್ತಿಗೆ,” ಎಂದಳು ನಾಗಕ್ಕ. ಆ ವಾರವೆಲ್ಲ ಅವಳು ದೇವರಿಗೆ ಕಟ್ಟಿಕೊಂಡ ಹರಕೆ ಹೊನ್ನಕ್ಕ ಬದುಕಲಿ ಎಂದೇ.

ಹೊನ್ನಕ್ಕ ಉಳಿಯಲಿಲ್ಲ. ಅವಳ ಆಸೆಯಂತೆ ತಾಯಿಯ ಮಗ್ಗುಲಲ್ಲೇ ಮಣ್ಣು ಮಾಡಿದರು.

ಹಾಲುತುಪ್ಪ ಬಿಡುವ ದಿನ ನಾಗಕ್ಕ ಹೊನ್ನಕ್ಕನ ಗುಡ್ಡೆಗೆ ಹಾಲೆರೆದು, ಪಕ್ಕಕ್ಕೆ ತಿರುಗಿ ಜುಂಜಮ್ಮನಿಗೂ ಎರೆದಳು. ಎಲ್ಲರೂ ಕೇಳುವ ಹಾಗೆ, “ಅತ್ತೇ, ನಿನ್ ಮಗಳಿಗೆ ಮಂಡಿ ನೋವೈತೆ. ಅದು ತಾ ಇದು ತಾ ಅಂತ ಎಬ್ಬಿಸಬ್ಯಾಡ, ಹೇಳಿದೀನಿ!” ಎಂದಳು. ಹೋಗಿದ್ದವರೆಲ್ಲ ಬೆಚ್ಚಿದರು. ಜುಂಜಮ್ಮನಿಗೆ ಹಾಗೆ ಅಪ್ಪಣೆ ಮಾಡಿದವರು ಇರಲಿ, ಎದುರಾಡಿದವರೂ ಆ ವಂಶದಲ್ಲಿ ಇರಲಿಲ್ಲ.

ಆಮೇಲೆ ಹೊನ್ನಕ್ಕನ ಈಚೆ ಮಗ್ಗುಲಲ್ಲಿ ಕೂತು ಸಣ್ಣಕಲ್ಲು, ಮುಳ್ಳು ಆರಿಸಿ ಎಸೆಯತೊಡಗಿದಳು.

“ಅಲ್ಲಿ ಯಾರೂ ಇಲ್ವಲ್ಲೇ, ಯಾರಿಗೆ ಹಸನು ಮಾಡ್ತೀಯಾ?” ಎಂದ ಯತ್ತಪ್ಪ.

“ನಂಗೆ. ನಾಳೆ ನಿನ್ ಮಗನಿಗೆ ಹೆಣ್ಣು ತಂದ್ರೂ ಅವಳಿಗೆ ಹೇಳಿಡು, ನನಗಿಂತ ಮುಂಚೆ ಇಲ್ಲಿಗೆ ಬಂದು ಮಲಗೀಯಾ ಅಂತ. ಅತ್ತಿಗೆ ಮಗ್ಗುಲು ಯಾರಿಗೂ ಬುಡಾಕಿಲ್ಲ ನಾನು.”