ಬ್ಯಾಟರಿಗಳ ಬಾಣಂತನ ಮಾಡುತ್ತಿದ್ದ ಹೂವಣ್ಣ

ಹೂವಣ್ಣನ ಅಂಗಿಯನ್ನು ಬಿಸಿಲಿಗೆ ಹಿಡಿದರೆ ಜರಡಿ ಹಿಡಿದ ಹಾಗೆ ಕಾಣುತ್ತಿತ್ತು. ಎದೆಯ ಮೇಲೆ ಸಾಸಿವೆಕಾಳಿನಷ್ಟು, ತೋಳಿನ ಮೇಲೆ ಕಡಲೆಯಷ್ಟು, ಹೊಟ್ಟೆಯ ಹತ್ತಿರ ನಾಲ್ಕಾಣೆಯಷ್ಟು ತೂತುಗಳು. ಎಲ್ಲವೂ ಬ್ಯಾಟರಿಯ ಆಸಿಡ್ ಸಿಡಿದು ಆದವು. ಹೆಂಡತಿ ಸುಶೀಲಕ್ಕ ಹೊಸ ಅಂಗಿ ಹೊಲಿಸಿ ಕೊಟ್ಟರೆ ವಾರದೊಳಗೆ ಅದಕ್ಕೂ ಅದೇ ಗತಿ. "ಹತ್ತು ತೂತು ಬೀಳೋವರೆಗೂ ಅದು ಹೊಸ ಅಂಗಿನೇ ಏಜೆಂಟ್ರೇ. ಆಮೇಲೆ ಗಾಳಿ ಚೆನ್ನಾಗಿ ಆಡುತ್ತೆ," ಎನ್ನುತ್ತಿದ್ದ.

ಏಜೆಂಟ್ರು ಅಂದರೆ ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಸನಗರದ ಬಸ್ ನಿಲ್ದಾಣದಲ್ಲಿ ಬಸ್ ಏಜೆಂಟನಾಗಿ ಕೂತವನು ತಲೆ ನೆರೆಯುವವರೆಗೂ ಏಳಲಿಲ್ಲ. ಕೆಲಸ ಬಿಟ್ಟಾಗ ಬಸ್ಸಿನ ಧಣಿಗಳು ತಮ್ಮ ಹಳೆಯ ಕಪ್ಪು ಅಂಬಾಸಿಡರನ್ನು ನನಗೆ ಕೊಟ್ಟರು. ಆ ಕಾರಿನ ದೆಸೆಯಿಂದಲೇ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಹೂವಣ್ಣನ ಬ್ಯಾಟರಿ ಅಂಗಡಿಗೂ ನನಗೂ ಒಡನಾಟ ಬೆಳೆದದ್ದು. ನಾನು ಅವನಿಗೆ ಮಾಡಿದ ಒಂದು ಅನ್ಯಾಯವನ್ನೂ ಇಲ್ಲಿ ಹೇಳಬೇಕಾಗಿದೆ. ಅದಕ್ಕೆ ಮೊದಲು ಅವನು ಎಂಥವನೆಂದು ಹೇಳುತ್ತೇನೆ.

ನಮ್ಮ ಕಡೆ ಹಳೆಯ ಕಾರನ್ನು ಮುದ್ದಿನಿಂದ ಇಟ್ಟುಕೊಂಡವರು ಆಷಾಢದಿಂದ ಆಯುಧಪೂಜೆಯವರೆಗೆ ಅದನ್ನು ರಸ್ತೆಗೆ ಇಳಿಸುವುದಿಲ್ಲ. ಆಮೇಲೆ ಕೀಲಿ ತಿರುಗಿಸಿದರೆ ಕಾರು ಕೆಮ್ಮುವುದೂ ಇಲ್ಲ. ಬ್ಯಾಟರಿ ಸತ್ತಿರುತ್ತದೆ. "ಬ್ಯಾಟ್ರಿ ದುಡಿದು ಸಾಯಲ್ಲ ಏಜೆಂಟ್ರೇ, ಕೂತು ಸಾಯುತ್ತೆ. ರಿಟೈರಾದೋರ ಹಾಗೆ," ಎಂದು ನನ್ನನ್ನೇ ನೋಡಿ ನಗುತ್ತಿದ್ದ.

ಇದಕ್ಕೆ ಅವನು ಕಂಡುಕೊಂಡ ಮದ್ದಿಗೆ ಬಾಣಂತನ ಎಂದೇ ಹೆಸರಿಟ್ಟಿದ್ದ. ಆಷಾಢ ಹುಟ್ಟುತ್ತಲೇ ಹೊಸನಗರ, ಸಾಗರ, ತೀರ್ಥಹಳ್ಳಿಯ ಹಳೆ ಕಾರುಗಳ ಬ್ಯಾಟರಿಗಳೆಲ್ಲ ಬಿಚ್ಚಿಕೊಂಡು ಅವನ ಮನೆಯ ಹಿಂದಿನ ಕೋಣೆಗೆ ಬರುತ್ತಿದ್ದವು. ಹಲಸಿನ ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಯಜಮಾನರ ಹೆಸರು ಬರೆಯುತ್ತಿದ್ದ. ಮೊದಲ ದಿನ ಮುಚ್ಚಳ ಬಿಗಿದು ಸೋಡಾಪುಡಿಯ ಬಿಸಿನೀರಿನಲ್ಲಿ ಸ್ನಾನ. ವೈರು ಕಚ್ಚುವ ತುದಿಗಳಲ್ಲಿ ಕಟ್ಟಿದ ಬಿಳಿ ಹುಡಿ ನೊರೆಯೆದ್ದು ಹೋದಮೇಲೆ ಒರೆಸಿ ಗ್ರೀಸ್ ಸವರುತ್ತಿದ್ದ. ಆಮೇಲೆ ಸರದಿಯ ಪ್ರಕಾರ, ಕರೆಂಟು ತಗ್ಗಿಸಲು ನಡುವೆ ಒಂದು ಬಲ್ಬು ಕಟ್ಟಿ ಸಣ್ಣಗೆ ಚಾರ್ಜು. ಗಾಜಿನ ಕೊಳವೆಯಲ್ಲಿ ಒಳಗಿನ ನೀರು ಎಳೆದು, ಅದರೊಳಗಿನ ಗಾಜಿನ ಬುರುಡೆ ಎಷ್ಟು ಮೇಲೆ ತೇಲುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿ ಚಾರ್ಜು ಅಳೆಯುತ್ತಿದ್ದ. ಬೇಗ ಚಾರ್ಜ್ ಮಾಡಿ ಕೊಡು ಎಂದವರಿಗೆ ಬೈಗುಳ ಕಾದಿರುತ್ತಿತ್ತು. "ಬಾಣಂತಿಗೆ ತಿಂಗಳ ಊಟ ಒಂದೇ ದಿನ ಬಡಿಸ್ತೀರಾ? ಸಣ್ಣಗೆ ಕೊಡ್ಬೇಕು, ತಪ್ಪದೆ ಕೊಡ್ಬೇಕು."

ನಾನೊಮ್ಮೆ ದಿನಾ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ನಿಲ್ಲಿಸುತ್ತೇನೆಂದು ಜಂಬದಿಂದ ಹೇಳಿದೆ. ಹಣೆ ಚಚ್ಚಿಕೊಂಡ. "ಹಸಿದೋನ ಮುಂದೆ ಎಲೆ ಹಾಕಿ ಎತ್ತಿದ ಹಾಗಾಯ್ತು. ಸ್ಟಾರ್ಟಿಗೆ ತಿಂದಿದ್ದು ವಾಪಸ್ ಬರೋದಕ್ಕೆ ಪುರುಸೊತ್ತು ಬೇಡ್ವಾ? ಹೊರಟ್ರೆ ಸಾಗರದವರೆಗೆ ಹೋಗಿ ಬನ್ನಿ, ಇಲ್ಲಾಂದ್ರೆ ಬ್ಯಾಟ್ರಿ ವೈರು ಬಿಚ್ಚಿಟ್ಟು ಸುಮ್ನೆ ಮಲಗಿ." ನೀರು ಹಾಕುವ ಕೆಲಸವೇ ಇಲ್ಲದ ಹೊಸ ನಮೂನೆಯ ಬ್ಯಾಟರಿ ಬಂದಾಗ ಅದನ್ನು ತಿರುಗಿಸಿ ನೋಡಿ, "ನೀರು ಕೇಳದ ನೆಂಟ ಇನ್ನೊಂದ್ಸಲ ಬರಲ್ಲ ಬಿಡಿ," ಎಂದಿದ್ದ.

ಆಯುಧಪೂಜೆಯ ದಿನ ಬ್ಯಾಟರಿಗಳಿಗೆ ಕುಂಕುಮವಿಟ್ಟು ಗಂಡನ ಮನೆಗೆ ಕಳಿಸಿದಂತೆ ಕಳಿಸುತ್ತಿದ್ದ. ಜೊತೆಗೆ ಒಂದು ಕ್ಯಾನು ಬ್ಯಾಟರಿ ನೀರು. "ಇದು ಆವಿ ಹಿಡಿದು ತಣಿಸಿದ್ದು, ಇದರಲ್ಲಿ ಏನೂ ಇಲ್ಲ. ತಿಂಗಳಿಗೊಂದ್ಸಲ ನೋಡಿ ಇದನ್ನೇ ಹಾಕಿ. ಬೇರೆ ನೀರು ಅದಕ್ಕೆ ತೋರಿಸ್ಲೂಬೇಡಿ."

ನಾನು ತೋರಿಸಿದೆ. ಒಂದು ಬೇಸಿಗೆಯಲ್ಲಿ ಕ್ಯಾನು ಬರಿದಾಗಿತ್ತು. ನಿಟ್ಟೂರಿಗೆ ಹೋಗಿ ಬರುವಾಗ ದಾರಿಬದಿಯ ಅಬ್ಬಿಯಲ್ಲಿ ಗುಡ್ಡದ ನೀರು ದಬದಬ ಬೀಳುತ್ತಿತ್ತು. ಕೊಡಚಾದ್ರಿಯ ಬುಡದ ನೀರು. ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ನಮ್ಮ ನೀರಿಗಿಂತ ಪ್ಲಾಸ್ಟಿಕ್ ಕ್ಯಾನಿನ ನೀರು ಶುದ್ಧವೇ ಎಂಬ ಊರಭಿಮಾನ ತಲೆಗೇರಿತು. ಬ್ಯಾಟರಿಗೆ ಅದನ್ನೇ ತುಂಬಿದೆ. ಒಂದು ಸಲವಲ್ಲ, ಮೂರು ಸಲ.

ವೈಶಾಖದಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ತಂಗಿಯ ಮಗಳ ಮದುವೆ. ಮದುಮಕ್ಕಳು ನನ್ನ ಅಂಬಾಸಿಡರಿನಲ್ಲೇ ಹೋಗಬೇಕೆಂದು ನಾನೇ ಹಟ ಹಿಡಿದಿದ್ದೆ. ಛತ್ರದೆದುರು ಮಲ್ಲಿಗೆ ಸುತ್ತಿದ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೇ. ನೆಂಟರೆಲ್ಲ ಸೇರಿ ತಳ್ಳಿದರು. ಕಡೆಗೆ ಮದುಮಗನೇ ಪೇಟ ತೆಗೆದು ಹೆಂಡತಿಯ ಮಡಿಲಲ್ಲಿಟ್ಟು, ಪಂಚೆ ಎತ್ತಿಕಟ್ಟಿ ಇಳಿದ. ಅವನ ಅಜ್ಜಿ ಮೆಟ್ಟಿಲ ಮೇಲಿಂದ ಕೂಗಿದರು: "ತಳ್ಳೋ ತಳ್ಳು, ಇವತ್ತಿಂದ ಅಭ್ಯಾಸ ಆಗ್ಲಿ!"

ಎಲ್ಲರೂ ನಕ್ಕರು. ನನಗೆ ಮಾತ್ರ ಅವಮಾನವಾಯಿತು. ತೀರ್ಥಹಳ್ಳಿಯ ಡಾಕ್ಟರೊಬ್ಬರು ಅಲ್ಲಿದ್ದರು. ಅವರ ಹಳೆಯ ಮಾರಿಸ್ ಕಾರಿನ ಬ್ಯಾಟರಿಯೂ ಹೂವಣ್ಣನ ಹಲಗೆಗೇ ಹೋಗುತ್ತಿತ್ತು. "ಇದು ಹೂವಣ್ಣ ನೋಡ್ಕೊಂಡ ಬ್ಯಾಟ್ರಿ ಅಲ್ವಾ?" ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಇದು: "ಅವನದೇ ಕೆಲಸ ಡಾಕ್ಟ್ರೇ. ಮಳೆಗಾಲದಲ್ಲಿ ಇಟ್ಕೊಂಡು ಒಳಗಿನ ಒಳ್ಳೇ ಪ್ಲೇಟು ಕದ್ದು ಹಳೇದು ಹಾಕಿದಾನೆ ಅನ್ಸುತ್ತೆ." ಅಷ್ಟು ಜನರೆದುರು, ಒಂದೇ ಉಸಿರಿನಲ್ಲಿ ಹೇಳಿದೆ.

ಮಾರನೆಯ ದಿನ ಬ್ಯಾಟರಿ ಹೊತ್ತು ಅಂಗಡಿಗೆ ಹೋದೆ. ಹೂವಣ್ಣ ಕೊಳವೆಯಲ್ಲಿ ನೀರೆಳೆದು ಬೆಳಕಿಗೆ ಹಿಡಿದ. ಕೆಂಪು ಛಾಯೆ ನನಗೂ ಕಂಡಿತು.

"ಯಾವ ನೀರು ಹಾಕಿದ್ರಿ ಏಜೆಂಟ್ರೇ?"

"ನೀನು ಕೊಟ್ಟ ಕ್ಯಾನಿಂದೇ."

"ಹೌದಾ," ಎಂದ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಕೊಳವೆ ತೊಳೆದಿಟ್ಟ.

ಮುಂದಿನ ಆಷಾಢದಲ್ಲಿ ಡಾಕ್ಟರ ಬ್ಯಾಟರಿ ಬರಲಿಲ್ಲ. ಸಾಗರದಲ್ಲಿ ಹೆರಾಲ್ಡ್ ಕಾರು ಇಟ್ಟಿದ್ದ ನಿವೃತ್ತ ಮೇಷ್ಟ್ರದೂ ಬರಲಿಲ್ಲ. ಮಾತು ಬಸ್ಸಿಗಿಂತ ಬೇಗ ಊರು ಮುಟ್ಟುತ್ತದೆ. ಅದರ ಮರುವರ್ಷ ನಾನು ಹೋದಾಗ ಹಲಗೆಯ ಮೇಲೆ ಎರಡೇ ಬ್ಯಾಟರಿ ಇದ್ದವು. ಸುಶೀಲಕ್ಕ ಕಾಫಿ ಕೊಡುತ್ತಾ ಅಂದರು: "ಈ ಸಲ ಬಾಣಂತಿಯರೇ ಇಲ್ಲ ನೋಡಿ. ಇವ್ರು ಖಾಲಿ ಹಲಗೆ ಒರೆಸ್ತಾ ಕೂತಿರ್ತಾರೆ. ನಾನೇ ಒಂದು ಹೆತ್ತುಕೊಡ್ಲಾ ಅಂತ ಕೇಳ್ದೆ." ಹೂವಣ್ಣ ಜೋರಾಗಿ ನಕ್ಕ. ನಾನು ಕಾಫಿ ಅರ್ಧಕ್ಕೇ ಇಟ್ಟು ಎದ್ದು ಬಂದೆ.

ವಾರದ ನಂತರ ಒಂದು ಬಿಳಿ ಅಂಗಿ ಕೊಂಡು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಅಬ್ಬಿ ನೀರು, ಮದುವೆಯಲ್ಲಿ ಆಡಿದ ಮಾತು, ಕ್ಯಾನಿನ ಸುಳ್ಳು.

"ನೀರು ಕಂಡ ದಿನವೇ ಗೊತ್ತಾಯ್ತು. ಗುಡ್ಡದ ನೀರಲ್ಲಿ ಕಬ್ಬಿಣ ಇರುತ್ತೆ. ನಮ್ಗೆ ರಕ್ತಕ್ಕೆ ಒಳ್ಳೇದು, ಬ್ಯಾಟ್ರಿಗೆ ವಿಷ," ಎಂದ.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಮಾರಾಯಾ?"

"ನೀವೇ ಹೇಳ್ತೀರಿ ಅಂತ ಕಾದೆ. ಎರಡು ಮಳೆಗಾಲ ಹಿಡೀತು. ನಿಮ್ಮ ಚಾರ್ಜು ಸ್ವಲ್ಪ ನಿಧಾನ. ಇರ್ಲಿ, ನಿಧಾನ ಚಾರ್ಜೇ ಬಾಳಿಕೆ," ಎಂದ. ಅಂಗಿಯನ್ನು ಮಾತ್ರ ಮುಟ್ಟಲಿಲ್ಲ. "ನಂಗೆ ಹೇಳಿ ಏನು ಬಂತು? ಯಾರ ಮುಂದೆ ಹೆಸರು ಕೆಡಿಸಿದ್ರೋ ಅವ್ರ ಮುಂದೆ ಹೇಳಿ. ಹಲಗೆ ತುಂಬಿದ ದಿನ ಹಾಕ್ಕೋತೀನಿ."

ಆಷಾಢವೆಂದು ನೋಡದೆ, ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದ ಅಂಬಾಸಿಡರ್ ಹತ್ತಿ ಮೊದಲು ತೀರ್ಥಹಳ್ಳಿಗೆ ಹೋದೆ. ಡಾಕ್ಟರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು. "ಒಂದು ವರ್ಷದಿಂದ ಅವ್ರು ಎದುರು ಸಿಕ್ಕಿದ್ರೂ ನಾನು ಮುಖ ತಿರುಗಿಸಿದೀನಿ ಕಣ್ರೀ," ಎಂದರು. ಸ್ಪ್ಯಾನರ್ ಹಿಡಿದು ಹೋಗಿ ಮಾರಿಸಿನ ಬ್ಯಾಟರಿಯನ್ನು ತಾವೇ ಬಿಚ್ಚಿ ತಂದು ನನ್ನ ಡಿಕ್ಕಿಯಲ್ಲಿಟ್ಟರು. ಸಾಗರದ ಮೇಷ್ಟ್ರು ಬಾಯಿಮಾತು ಒಪ್ಪಲಿಲ್ಲ. "ಬರೆದು ಕೊಡಿ," ಎಂದು ಕಾಗದ ಮುಂದಿಟ್ಟರು. ಬರೆದೆ. ಓದಿ, "ವಾಕ್ಯ ಸರಿಯಿದೆ, ಬುದ್ಧಿ ಸಾಲದು," ಎಂದು ಕೆಂಪು ಶಾಯಿಯಲ್ಲಿ ಮೂವತ್ತೈದು ಅಂಕ ಹಾಕಿ ಪಾಸು ಮಾಡಿ, ಬ್ಯಾಟರಿ ಕೊಟ್ಟು ಕಳಿಸಿದರು. ನಾನೀಗ ಬರೆಯುತ್ತಿರುವುದು ಅದೇ ಕಾಗದವನ್ನು, ಸ್ವಲ್ಪ ಉದ್ದವಾಗಿ.

ಹೀಗೆ ಮನೆಮನೆ ಸುತ್ತಿ, ಶ್ರಾವಣದ ಹೊತ್ತಿಗೆ ಹಲಗೆಯ ಮೇಲೆ ಹನ್ನೊಂದು ಬ್ಯಾಟರಿ ಕೂತವು. ಅಂದು ಹೂವಣ್ಣ ಬಿಳಿ ಅಂಗಿ ತೊಟ್ಟ. ಮದುಮಗನ ಹಾಗೆ ಕಾಣುತ್ತೀಯೆಂದು ಸುಶೀಲಕ್ಕ ಕೆಣಕಿದರು. ಸಂಜೆಯೊಳಗೆ ಡಾಕ್ಟರ ಬ್ಯಾಟರಿಯಿಂದ ಒಂದು ಹನಿ ಸಿಡಿದು ಜೇಬಿನ ಕೆಳಗೆ ತೂತು ಬಿತ್ತು. ಬೆರಳು ತೂರಿಸಿ ನನಗೆ ತೋರಿಸಿದ. "ಇಷ್ಟೊತ್ತು ಇದು ನಿಮ್ಮ ಅಂಗಿ ಆಗಿತ್ತು ಏಜೆಂಟ್ರೇ. ಈಗ ನಂದಾಯ್ತು."

ಕಳೆದ ವರ್ಷ ಭಾದ್ರಪದದಲ್ಲಿ, ಊಟ ಮಾಡಿ ಮಲಗಿದ ಹೂವಣ್ಣ ಏಳಲಿಲ್ಲ. ಹಿಂದಿನ ದಿನ ನಾನು ಹೋದಾಗ ಅದೇ ಬಿಳಿ ಅಂಗಿಯಲ್ಲಿದ್ದ. ಗಾಳಿ ಚೆನ್ನಾಗಿ ಆಡುವಷ್ಟು ತೂತುಗಳಾಗಿದ್ದವು. ಬಾಣಂತನ ಅರ್ಧಕ್ಕೆ ನಿಂತಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ಸುಶೀಲಕ್ಕ ಗಾಜಿನ ಕೊಳವೆಯನ್ನೂ ಸೀಮೆಸುಣ್ಣವನ್ನೂ ನನ್ನ ಕೈಗಿತ್ತರು. "ಆಯುಧಪೂಜೆ ತನಕ ನೋಡ್ಕೊಳಿ. ನೀರು ಮಾತ್ರ ಕ್ಯಾನಿಂದು."

ನೋಡಿಕೊಂಡೆ. ಕುಂಕುಮವಿಟ್ಟು ಒಂದೊಂದನ್ನೇ ಊರು ಮುಟ್ಟಿಸಿದೆ. ಈ ಆಷಾಢದಲ್ಲಿ ಅವು ತಾವಾಗಿ ನನ್ನ ಮನೆಗೇ ಬಂದವು; ಸುಶೀಲಕ್ಕ ಹಲಗೆಯನ್ನೂ ಕೊಟ್ಟು ಕಳಿಸಿದರು.

ಮೊನ್ನೆ ಸೊಸೆ ಬಟ್ಟೆ ಹರವುತ್ತಾ ಕೇಳಿದಳು: "ಮಾವಯ್ಯಾ, ನಿಮ್ಮ ಅಂಗಿಗೆ ಇಲಿ ಕಚ್ಚಿದ್ಯಾ?" ಬಿಸಿಲಿಗೆ ಹಿಡಿದು ನೋಡಿದೆ. ಎರಡೇ ತೂತು. ಹೂವಣ್ಣನ ಪ್ರಕಾರ ಇನ್ನೂ ಹೊಸ ಅಂಗಿ.