ಈಜಿದವಳ ಕೆಂಚು ಕೂದಲು

ಮಗಳು ರಾಯಚೂರಿನಿಂದ ಫೋನ್ ಮಾಡಿ, "ಯವ್ವಾ, ಈಜೋ ರೇಸಿಗೆ ಹೆಸರು ಕೊಟ್ಟೀನಿ" ಎಂದಾಗ ಈ ಮಾನ್ವಿಯ ಮನೆಯಲ್ಲಿ ಒಬ್ಬಳೇ ಕುಣಿಯಬೇಕೆನಿಸಿತು. ಹಿಂದೆಯೇ ಅವಳು ಹೇಳಿದ ಮಾತಿಗೆ ಮೈ ಉರಿಯಿತು.

"ಸುಳ್ಳು ಹೇಳಿದಾಕಿ ನೀನು. ನಮ್ಮತ್ತಿ ಮುಂದ ನೀನ ಬಂದು ಒಪ್ಕೋಬೇಕು. ಅಲ್ಲೀತನಕ ನಾ ರೇಸಿಗೆ ಇಳಿಯಂಗಿಲ್ಲ."

ನಾನು ನಾಲ್ಕನೇ ತರಗತಿ ಓದಿದವಳು, ಬರೆಯುವುದು ರೂಢಿಯಿಲ್ಲ. ಆದರೆ ಆ ಸುಳ್ಳು ಏನೆಂದು ಬರೆಯದಿದ್ದರೆ ಸಿಟ್ಟು ಆರುವುದಿಲ್ಲ.

ಬಾಗಲವಾಡದ ನಮ್ಮ ಹೊಲದ ಬಾವಿಯಲ್ಲಿ, ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವಳು ನಾನು. ಮಗಳಿಗೂ ಹಾಗೇ ಕಲಿಸಿದೆ. ರಾಯಚೂರಿನಲ್ಲಿ ಮನೆ ಮಾಡಿದ ಮೇಲೆ ಅವಳು ಅಲ್ಲಿನ ಈಜುಕೊಳ ಸೇರಿದಳು. ಊರೂರು ತಿರುಗಿ ಪದಕ ತಂದಳು. ಕೊಳದ ನೀರಿಗೆ ಹಾಕುವ ಔಷಧಿಗೆ ಕೂದಲು ಮಾತ್ರ ಮೆಕ್ಕೆಜೋಳದ ತೆನೆಯ ಜುಟ್ಟಿನ ಹಾಗೆ ಕೆಂಚಗಾಯಿತು.

ದೇವದುರ್ಗದಿಂದ ಹೆಣ್ಣು ನೋಡಲು ಬರುತ್ತಾರೆ ಎಂದಾಗ ಓಣಿಯ ಹೆಂಗಸರು ಬಂದು ಕೂತರು. "ಚಡ್ಡಿ ಹಾಕ್ಕೊಂಡು ಮಂದಿ ಮುಂದ ಈಸಾಡಿದ ಹುಡುಗಿ ಅಂತ ಗೊತ್ತಾದ್ರ ಚಾ ಸೈತ ಕುಡೀದ ಎದ್ದು ಹೋಗ್ತಾರ ನೋಡವ್ವಾ" ಎಂದಳು ಒಬ್ಬಳು. ಆ ಮಾತು ಕೇಳಿದೆನಲ್ಲ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು. ಪದಕಗಳನ್ನು ಜೋಳದ ಚೀಲದ ತಳಕ್ಕೆ ಸೇರಿಸಿದೆ. ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಅವಳ ತಲೆಗೆ ತಿಕ್ಕಿದೆ. ಅವಳು ಅಳುತ್ತಿದ್ದಳು, ನಾನು ತಿಕ್ಕುತ್ತಲೇ ಇದ್ದೆ.

ಗಂಡಿನ ತಾಯಿ ಪದ್ಧತಿಯಂತೆ ಜಡೆ ಹಿಡಿದು ನೋಡಿದರು. "ತುದಿ ಯಾಕ ಹಿಂಗ ಕೆಂಚಗ ಆಗ್ಯಾವು?"

"ಬಿಸಲಿಗ್ರೀ. ರಾಯಚೂರ ಬಿಸಲು ನಿಮಗ ಗೊತ್ತ ಅದಲ್ರಿ."

ಅವರು ಬೆರಳಿಗೆ ಹತ್ತಿದ ಕಪ್ಪನ್ನು ಸೆರಗಿಗೆ ಒರೆಸಿಕೊಂಡು ಜಡೆ ಬಿಟ್ಟರು. ಮದುವೆಯ ಹಿಂದಿನ ದಿನ ಮಗಳ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡು, ಈಜಿನ ಸುದ್ದಿ ಎತ್ತುವುದಿಲ್ಲ ಎಂದು ಆಣೆ ಹಾಕಿಸಿದೆ. ಮದುವೆ ಮುಗಿದ ಮೇಲೆ ನಾನು ಮಾನ್ವಿಗೆ ಬಂದೆ. ಹನ್ನೆರಡು ವರ್ಷ ಅವಳು ಆ ಸುದ್ದಿ ಎತ್ತಲಿಲ್ಲ.

ಗಂಡನ ಕೆಲಸಕ್ಕೆಂದು ಅವಳು ಈಗ ರಾಯಚೂರಿನಲ್ಲೇ ಇದ್ದಾಳೆ. ಈ ಬೇಸಿಗೆಯಲ್ಲಿ ಒಂಬತ್ತು ವರ್ಷದ ನನ್ನ ಮೊಮ್ಮಗಳನ್ನು ಈಜು ಕಲಿಯಲೆಂದು ಅದೇ ಕೊಳಕ್ಕೆ ಕರೆದುಕೊಂಡು ಹೋಗಿದ್ದಳಂತೆ. ನಾಲ್ಕು ದಿನ ದಂಡೆಯ ಮೇಲೆ ಕೂತು ನೋಡಿದಳು. ಐದನೇ ದಿನ ತಡೆಯದೆ ತಾನೂ ಇಳಿದಳು. ಗಂಡನಿಗೂ ಹೇಳಿದಳು. ಅವನು ನಕ್ಕು, ಮುಂದಿನ ತಿಂಗಳು ದೊಡ್ಡವರಿಗೂ ರೇಸು ಇಟ್ಟಿದ್ದಾರೆ, ಹೆಸರು ಕೊಡು ಅಂದನಂತೆ. ಉಳಿದದ್ದು ಅತ್ತೆ ಒಬ್ಬರೇ.

ದೇವದುರ್ಗಕ್ಕೆ ಹೋದೆ. ಬೀಗತಿ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಮೊರ ಕೆಳಗಿಟ್ಟರು.

"ನಾ ಹುಟ್ಟಿದ್ದು ಕೃಷ್ಣಾ ಹೊಳಿ ದಂಡಿ ಊರಾಗ್ರೀ ಬೀಗರ. ಮದುವಿ ಆಗೋತನಕ ಹೊಳಿಯಾಗ ಬಿದ್ದಿರ್ತಿದ್ದೆ. ಹುಡುಗಿಗಿ ಈಸು ಬರ್ತದ ಅಂದಿದ್ರ ಎದ್ದು ಓಡಿ ಹೋಗ್ತಿದ್ನೇನು?"

ಅವರು ತಮ್ಮ ಅಂಗೈ ಚಾಚಿ ತೋರಿಸಿದರು.

"ಆಕಿ ತಲಿಗೆ ಏನೋ ರೋಗ ಅದ ಅಂತ ತಿಳಕೊಂಡು, ಗರಗದ ಸೊಪ್ಪು ಹಾಕಿ ಎಣ್ಣಿ ಕಾಸಿ ಕಾಸಿ ಕೈ ಸುಟ್ಕೊಂಡೀನಿ. ವರ್ಷಗಟ್ಟಲೆ ಹಚ್ಚೀನಿ. ಕರ್ರಗಾದಾಗ ನನ್ನ ಎಣ್ಣಿಯಿಂದ ಆತು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ."

"ನೀವರ ಬಿಡಿಸಿ ಕೇಳಬೇಕಿತ್ತು" ಎಂದೆ. ಸಿಟ್ಟು ಅವರ ಮೇಲೆ ತಿರುಗಿತ್ತು.

"ಕೇಳಿದ್ನಲ್ರೀ. ಬಿಸಲಿಗೆ ಅಂದ್ರಿ. ಬೀಗರ ಮಾತು ನಂಬಬಾರದಿತ್ತೇನು?"

ಆಮೇಲೆ ಫೋನ್ ತೆಗೆದುಕೊಂಡು ಸೊಸೆಗೆ, "ಈಸು ಹೋಗು. ನಿಮ್ಮವ್ವನ ಜತಿ ನಾ ಆಮ್ಯಾಲೆ ಜಗಳಾಡ್ತೀನಿ" ಎಂದರು. ನನಗೆ ಚಹಾ ಕೊಟ್ಟರು, ಸಕ್ಕರೆ ಹಾಕದೆ.

ರೇಸಿನ ದಿನ ಮಗಳು ಎರಡನೆಯವಳಾಗಿ ಗೋಡೆ ಮುಟ್ಟಿದಳು. ಮೊದಲನೆಯವಳಿಗೂ ಇವಳಿಗೂ ಒಂದು ಮೊಳದ ಅಂತರ. ಮೊಮ್ಮಗಳು ನನ್ನ ಕೈ ಹಿಂಡಿ ಹಿಂಡಿ ಕೆಂಪು ಮಾಡಿದ್ದಳು. ನಾನು ಅತ್ತುಬಿಟ್ಟೆ, ನಕ್ಕುಬಿಟ್ಟೆ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಬಾಯಿಗೂ ಪೇಡೆ ಇಟ್ಟೆ. ಬೀಗತಿ ಬಂದಿದ್ದರು. ನನ್ನಿಂದ ದೂರ ಕೂತಿದ್ದರು.

ಮಗಳು ಟವಲು ಹೊದ್ದು ಬಂದಳು. ಏದುಸಿರು ಬಿಡುತ್ತಾ, "ಮೊದಲಿನಂಗ ದಮ್ಮು ಉಳದಿಲ್ಲ ಯವ್ವಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆ ದಮ್ಮು ಎಲ್ಲಿ ಹೋಯಿತೆಂದು ನನಗೆ ಗೊತ್ತು. ಯಾರೂ ಬೇಡವೆನ್ನದೇ ಇದ್ದದ್ದನ್ನು, ಬೇಡವೆಂದಾರು ಎಂದು ಅಂಜಿ ನಾನೇ ನಿಲ್ಲಿಸಿದೆ. ಬೀಗತಿ ಅವತ್ತು ನಿಜವಾಗಿಯೂ ಒಪ್ಪುತ್ತಿದ್ದರೋ, ಈಗ ಹೇಳುವುದು ಸುಲಭವೋ, ಅದೂ ತಿಳಿಯುವಂತಿಲ್ಲ. ತಿಳಿಯಲು ನಾನು ಅವಕಾಶವನ್ನೇ ಕೊಡಲಿಲ್ಲ. ಅದು ನೆನಪಾದರೆ ರೊಟ್ಟಿ ತಟ್ಟುವ ಕೈ ಜೋರಾಗುತ್ತದೆ, ರೊಟ್ಟಿ ಹರಿಯುತ್ತದೆ.

ನಿನ್ನೆ ಮೊಮ್ಮಗಳು ರಜೆಗೆಂದು ಮಾನ್ವಿಗೆ ಬಂದಳು. ಕಟ್ಟೆಯ ಮೇಲೆ ಅವಳ ತಲೆ ಬಾಚುತ್ತಿದ್ದೆ. ಎದುರು ಮನೆಯಾಕೆ ನಿಂತು ನೋಡಿ, "ಏನವ್ವಾ, ಹುಡುಗಿ ಕೂದ್ಲ ಕೆಂಚಗ ಆಗಾಕತ್ಯಾವಲ್ಲ, ಬಿಸಲಾಗ ಭಾಳ ಆಡ್ತಾಳೇನು?" ಎಂದಳು.

"ಬಿಸಲಿಗಲ್ಲ" ಎಂದೆ, ಓಣಿಗೆಲ್ಲ ಕೇಳುವಂತೆ. "ಈಸಿ ಈಸಿ ಆಗ್ಯಾವು. ಇವರವ್ವಂದೂ ಹಿಂಗ ಇದ್ದವು."