ಎದುರು ಮನೆ ಮಾವನ ಕ್ಯಾರವಾನು

ಹೋದ ವಾರ ರಾಗಿ ಒಣಹಾಕಲು ಅಟ್ಟದ ಮೇಲಿದ್ದ ಹಳೆಯ ಟಾರ್ಪಾಲು ಇಳಿಸಿದೆ. ಮಹಡಿಯಲ್ಲಿ ಹರವಿ ಬಿಸಿಲು ಬಿದ್ದದ್ದೇ ತಡ, ಡೀಸೆಲು, ಒಲೆಯ ಹೊಗೆ, ಒಣಹುಲ್ಲು ಎಲ್ಲ ಬೆರೆತ ವಾಸನೆ ಎದ್ದಿತು. ಇಷ್ಟು ವರ್ಷವಾದರೂ ಆ ವಾಸನೆಗೆ ನಾನಿನ್ನೂ ಹೆದರುತ್ತೇನೆ.

ಅದು ಎದುರು ಮನೆ ಮಾವನ ಟಾರ್ಪಾಲು. ವ್ಯಾನು ಮಾರಿದಾಗ ಅವರ ಹೆಂಡತಿ ನಮಗೆ ಕೊಟ್ಟದ್ದು. ಬಂಧುಗಳೇನಲ್ಲ, ಬಾಯಿಮಾತಿನ ಮಾವ, ಅತ್ತೆ. ಸೂಳಗಿರಿಯ ನಮ್ಮ ಬೀದಿಗೆಲ್ಲ ಅವರು ಹಾಗೇ. ಮಾವ ಹೊಸೂರಿನ ಫ್ಯಾಕ್ಟರಿಯೊಂದರ ಬಸ್ಸನ್ನು ಮೂವತ್ತು ವರ್ಷ ಓಡಿಸಿದವರು. ದಿನಾ ಅದೇ ದಾರಿ, ಅದೇ ಗೇಟು. ರಿಟೈರಾದ ಮೇಲೆ ಹಳೆಯ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿ ‘ಕ್ಯಾರವಾನು’ ಎಂದು ಹೆಸರಿಟ್ಟರು.

‘ಇಷ್ಟ್ ದಿನ ಅವ್ರ್ ಹೇಳಿದ್ ಕಡೆ ಹೋದೆ. ಇನ್ ಮೇಲೆ ನನ್ ಮನ್ಸ್ ಬಂದ್ ಕಡೆ’ ಎನ್ನುತ್ತಿದ್ದರು. ಹಾಗೇ ಹೋದರು ಕೂಡ. ಬೆಟ್ಟದ ಬುಡ, ಅಣೆಕಟ್ಟಿನ ದಂಡೆ, ಕಾಡಂಚಿನ ಹಳ್ಳಿ... ಮರ ಕಂಡಲ್ಲಿ ನಿಲ್ಲಿಸಿ, ವ್ಯಾನಿನ ಪಕ್ಕಕ್ಕೆ ಟಾರ್ಪಾಲು ಕಟ್ಟಿ, ಅನ್ನ ಮಾಡಿಕೊಂಡು ಅಲ್ಲೇ ಮಲಗುವುದು. ಅತ್ತೆ ಮುಂದಿನ ಸೀಟಿನಲ್ಲಿ ಕೂತರೆಂದರೆ ಬಾಯಿ ಮುಚ್ಚುತ್ತಿರಲಿಲ್ಲ. ‘ಅಗೋ ಲಾರಿ, ಇಗೋ ಹಸ, ಅಯ್ಯೋ ಆ ಸೈಕಲ್ನೋನ್ ನೋಡ್ರೀ...’ ಅತ್ತೆ ರೇಡಿಯೊ ಶುರುವಾಯಿತು ಎಂದು ನಾವು ನಗುತ್ತಿದ್ದೆವು.

ಒಂದು ಬೇಸಿಗೆ ರಜೆಯಲ್ಲಿ ನನ್ನನ್ನೂ ನನ್ನ ಇಬ್ಬರು ಮಕ್ಕಳನ್ನೂ ಅಂಚೆಟ್ಟಿ ಕಡೆಗೆ ಕರೆದೊಯ್ದರು. ನನ್ನದು ಮೊದಲೇ ಪುಕ್ಕಲು ಜೀವ. ಡೆಂಕಣಿಕೋಟೆ ದಾಟಿ ತಿರುವುಗಳು ಬಂದಾಗ ಹೊಟ್ಟೆ ತೊಳಸಿತು. ಅತ್ತೆ ತಮ್ಮ ಸೀಟನ್ನು ನನಗೆ ಬಿಟ್ಟು ಮಕ್ಕಳ ಜೊತೆ ಹಿಂದೆ ಹೋದರು. ಹೋಗುವಾಗ ಒಮ್ಮೆ ನಿಂತು ಏನೋ ಹೇಳಲು ಹೊರಟವರು, ಹೇಳಲಿಲ್ಲ.

‘ಕಾಡೊಳ್ಗೆ ಆನೆ ಅನ್ಬಾರ್ದು ಕಣಮ್ಮ, ದೊಡ್ಡೋರು ಅನ್ಬೇಕು’ ಎಂದು ಮಾವ ಮೊದಲೇ ಹೇಳಿಕೊಟ್ಟಿದ್ದರು. ದಾರಿಯಲ್ಲಿ ಮೇಕೆ ಮೇಯಿಸುತ್ತಿದ್ದವನೊಬ್ಬನೂ ಕೈ ಅಡ್ಡ ಹಿಡಿದು, ‘ಪೆರಿಯವರ್ ಇರುಕ್ಕಾರ್, ಪಾತ್ತು ಪೋಂಗ’ ಎಂದು ತಮಿಳಿನಲ್ಲಿ ಎಚ್ಚರಿಸಿದ. ದೊಡ್ಡವರಿದ್ದಾರೆ, ನೋಡಿಕೊಂಡು ಹೋಗಿ ಎಂದು. ಮಾವ ನಕ್ಕು, ‘ಅವ್ರ್ ಪಾಡಿಗ್ ಅವ್ರು, ನಮ್ ಪಾಡಿಗ್ ನಾವು’ ಎಂದು ಗೇರು ಹಾಕಿದರು.

ಐದು ಗಂಟೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಒಂದು ತಿರುವು ಕಳೆಯಿತು. ರಸ್ತೆಯ ನಡುಮಧ್ಯೆ ನಿಂತಿತ್ತು, ಒಂಟಿ ಸಲಗ. ಕಿವಿ ಬೀಸುತ್ತಿತ್ತು. ಮಾವ ನೋಡಿದ್ದಾರೆ, ಈಗ ನಿಲ್ಲಿಸುತ್ತಾರೆ, ಈಗ... ವ್ಯಾನು ಹೋಗುತ್ತಲೇ ಇತ್ತು.

‘ಮಾವ, ದೊಡ್ಡೋರು!’

‘ಎಲ್ಲಿ?’ ಎಂದರು.

ಅಯ್ಯೋ ಶಿವನೇ! ಅಷ್ಟು ದೊಡ್ಡ ಪ್ರಾಣಿ ಎದುರಿಗಿತ್ತು, ಆ ಮನುಷ್ಯ ಎಲ್ಲಿ ಎಂದು ಕೇಳುತ್ತಿದ್ದರು. ನನ್ನ ಕಿರುಚಾಟಕ್ಕೆ ಬ್ರೇಕು ಒತ್ತಿದರು. ‘ನೀ ಹೇಳ್ತಾ ಇರು, ನಾನ್ ಹಿಂದಕ್ ತಗೀತೀನಿ’ ಎಂದರು. ನಾನು ಕಿಟಕಿಯಿಂದ ಕತ್ತು ಹೊರಹಾಕಿ, ಎಡಕ್ಕೆ, ಇನ್ನೂ ಎಡಕ್ಕೆ, ಸಾಕು ಎನ್ನುತ್ತಾ ಹೋದೆ. ಹಿಂದೆ ನನ್ನ ಮಗಳು ಏನೂ ತಿಳಿಯದೆ ಹಾಡಿಕೊಳ್ಳುತ್ತಿದ್ದಳು, ಅತ್ತೆ ಅವಳ ಬಾಯಿ ಮುಚ್ಚಿದರು. ಸಲಗ ನಮ್ಮ ಕಡೆಗೆ ಎರಡು ಹೆಜ್ಜೆ ಇಟ್ಟಿತು. ನಿಂತಿತು. ಆಮೇಲೆ ಪೊದೆಯೊಳಗೆ ಇಳಿದು ಹೋಯಿತು.

ಹಿಂದಿನ ಹಳ್ಳಿಗೇ ವಾಪಸು ಬಂದು ಸ್ಕೂಲಿನ ಮೈದಾನದಲ್ಲಿ ಬೀಡುಬಿಟ್ಟೆವು. ಟಾರ್ಪಾಲಿನ ಹಗ್ಗವನ್ನು ಮಾವ ತಡಕಿ ತಡಕಿ ಕಟ್ಟಿದರು. ಅತ್ತೆ ಅಕ್ಕಿ ತೊಳೆಯಲು ಹೋದಾಗ ಮೆಲ್ಲಗೆ ಹೇಳಿದರು: ‘ನನ್ ಮಗಂಗ್ ಹೇಳ್ಬುಡ್ಬೇಡ ಕಣಮ್ಮ. ಗಾಡಿ ಮಾರ್ಬುಡ್ತಾನೆ. ನಂಗಿರೋದ್ ಇದೊಂದೇ.’

ನಾನು ಆಯ್ತು ಮಾವ ಎಂದೆ.

ಮಾರನೆಯ ದಿನ ಅತ್ತೆ ಮುಂದೆ ಕೂತರು, ರೇಡಿಯೊ ಶುರುವಾಯಿತು. ಅಗೋ ಲಾರಿ, ಇಗೋ ಹಸ. ಯಾರಿಗೂ ನಗು ಬರಲಿಲ್ಲ. ಮನೆ ಮುಟ್ಟಿದ ಮೇಲೆ ಅತ್ತೆ ಒಬ್ಬರೇ ಇದ್ದಾಗ ಹಿಡಿದು ಮಾವನ ಕಣ್ಣಿನ ವಿಷಯ ಕೇಳಿದೆ. ‘ಎರಡ್ ವರ್ಸ ಆಯ್ತು. ಹೋದ್ ನೋಟ ಬರಲ್ಲ ಅಂದವ್ರೆ ಕಣ್ಣಾಸ್ಪತ್ರೇಲಿ. ಕೀ ಕಿತ್ಕೊಂಡ್ರೆ ಈ ಮನ್ಸ ಉಳೀತಾರಾ, ನೀನೇ ಹೇಳು’ ಎಂದು ಸೆರಗಿನಲ್ಲಿ ಮುಖ ಒತ್ತಿಕೊಂಡರು.

ಮೂರು ದಿನ ಅನ್ನ ಸೇರಲಿಲ್ಲ. ನಮ್ಮೂರಿನ ಹೆದ್ದಾರಿಯನ್ನು ಮಕ್ಕಳು ಓಡಿ ದಾಟುವುದನ್ನು ನೋಡಿದಾಗೆಲ್ಲ ಮಾವನ ಆ ‘ಎಲ್ಲಿ?’ ಕಿವಿಯಲ್ಲಿ ಕೇಳುತ್ತಿತ್ತು. ನಾಲ್ಕನೆಯ ದಿನ ಅವರ ಮಗನಿಗೆ ಹೇಳಿಬಿಟ್ಟೆ. ವಾರದೊಳಗೆ ವ್ಯಾನು ಹೋಯಿತು.

ಆಮೇಲೆ ಮಾವ ಜಗಲಿ ಬಿಟ್ಟು ಇಳಿಯಲಿಲ್ಲ. ನನ್ನ ಚಪ್ಪಲಿ ಸದ್ದು ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ನಾನೂ ಕಳ್ಳಿಯ ಹಾಗೆ ಬೀದಿಯ ಅಂಚು ಹಿಡಿದು ಓಡಾಡುತ್ತಿದ್ದೆ. ಒಂದು ದಿನ ತಡೆಯಲಾರದೆ ಹೋಗಿ ಅವರ ಕಾಲ ಬಳಿ ಕೂತು, ‘ಮಾವ, ನಾನ್ ಮಾಡಿದ್ದು ತಪ್ಪಾ?’ ಎಂದೆ.

ಮಾವ ನನ್ನ ತಲೆ ತಡಕಿ, ಅದರ ಮೇಲೆ ಕೈ ಇಟ್ಟರು.

‘ಸರಿ ಅಂತ ನನ್ ಬಾಯಲ್ಲಿ ಹೇಳುಸ್ಬೇಡ ಕಣಮ್ಮ.’

ನಾನು ಹೇಳಿಸಲಿಲ್ಲ. ಮಾವ ಹೋಗಿ ಮೊನ್ನೆಗೆ ವರ್ಷವಾಯಿತು. ನಾನು ಮಾಡಿದ್ದು ಸರಿ ಎಂದು ಗಂಡ ಹೇಳುತ್ತಾರೆ, ಅವರ ಮಗ ಹೇಳುತ್ತಾನೆ, ಈಚೆಗೆ ಅತ್ತೆಯೂ ಹೇಳುತ್ತಾರೆ. ಯಾರು ಹೇಳಿದರೂ ನನಗೆ ಸಮಾಧಾನವಿಲ್ಲ... ಹೇಳಬೇಕಾದವರೊಬ್ಬರು ಹೇಳಲಿಲ್ಲ.